ಅಗಲಿದ ಸೈನಿಕ ಗೆಳೆಯರನ್ನು ಗೌರವಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯಲ್ಲಿ ಜೊತೆಗಿದ್ದವರು ನಿವೃತ್ತರಾದ ಮೇಲೂ ಒಂದು ಬಳಗವಾಗಿ ಉಳಿಯುತ್ತಾರೆ. ಒಬ್ಬರು ಇಲ್ಲಿ, ಇನ್ನೊಬ್ಬರು ಇನ್ನೆಲ್ಲೋ. ವರ್ಷಗಟ್ಟಲೆ ಮುಖ ನೋಡದೆಯೂ ಮಾತು ಬಿಟ್ಟಿರುವುದಿಲ್ಲ. ಹೀಗಿರುವಾಗ ಅವರಲ್ಲೊಬ್ಬರು ತೀರಿಕೊಂಡ ಸುದ್ದಿ ಬರುತ್ತದೆ. ಏನಾದರೂ ಮಾಡಲೇಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಏನು, ಹೇಗೆ ಅನ್ನುವುದು ಮಾತ್ರ ತೋಚುವುದಿಲ್ಲ. ಇಂಥ ಬಳಗಗಳಲ್ಲಿ ಈ ಹೊಣೆ ಹೊತ್ತವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ನೆನಪಿನ ಪಟ್ಟಿಯಲ್ಲಿ ಯಾರ ಹೆಸರಿರಬೇಕು? ಯುದ್ಧದಲ್ಲಿ ಸತ್ತವರದ್ದು ಮಾತ್ರವಾ?

ಬಳಗದಲ್ಲಿದ್ದ ಎಲ್ಲರದ್ದೂ ಇರಬೇಕು. ಗುಂಡಿಗೆ ಬಲಿಯಾದವರು, ತರಬೇತಿಯಲ್ಲಿ ಅಪಘಾತವಾಗಿ ಹೋದವರು, ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಕಾಯಿಲೆಯಿಂದ ಹೋದವರು, ಎಲ್ಲರೂ ಒಂದೇ ಪಟ್ಟಿಯಲ್ಲಿರಲಿ.

ದೇಶಗಳು ಕಟ್ಟುವ ಸ್ಮಾರಕಗಳಿಗೆ ಇಂಥ ಸಲಿಗೆ ಇರುವುದಿಲ್ಲ. ಅವು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ವಾಷಿಂಗ್ಟನ್ನಿನಲ್ಲಿರುವ ವಿಯೆಟ್ನಾಂ ಯುದ್ಧದ ಗೋಡೆಯ ಮೇಲೆ 58,000ಕ್ಕೂ ಜಾಸ್ತಿ ಹೆಸರುಗಳಿವೆ. ಆದರೆ ಯುದ್ಧದಿಂದ ಮನೆಗೆ ಬಂದು, ಅಲ್ಲಿ ಸಿಂಪಡಿಸಿದ ರಾಸಾಯನಿಕದ ಪರಿಣಾಮದಿಂದಲೋ ಮನಸ್ಸಿನ ಗಾಯದಿಂದಲೋ ಆಮೇಲೆ ಸತ್ತವರ ಹೆಸರು ಅಲ್ಲಿಲ್ಲ. ಅವರ ಮನೆಯವರ ಒತ್ತಾಯ ನಿಲ್ಲಲಿಲ್ಲ. ಕೊನೆಗೆ 2004ರಲ್ಲಿ ಗೋಡೆಯ ಹತ್ತಿರವೇ ಅವರೆಲ್ಲರ ನೆನಪಿಗೆ ಒಂದು ಫಲಕ ಹಾಕಿದರು. ನಿಮ್ಮದು ಚಿಕ್ಕ ಬಳಗ. ನೀವು ಅಂಥ ಗೆರೆ ಎಳೆಯುವ ಅಗತ್ಯವೇ ಇಲ್ಲ.

ಹೆಸರುಗಳನ್ನು ಹುದ್ದೆಯ ಪ್ರಕಾರ ಬರೆಯಬೇಕಾ? ದೊಡ್ಡ ಅಧಿಕಾರಿಗಳದ್ದು ಮೇಲೆ ಬರಬೇಕಲ್ವಾ?

ಬೇಡ. ಈ ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕಾರಣ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ.

ಹಿಂದಿನ ಕಾಲದಲ್ಲಿ ಸ್ಮಾರಕ ಅಂದರೆ ಸೇನಾಪತಿಯದ್ದು. ಸಾಮಾನ್ಯ ಸಿಪಾಯಿಗಳನ್ನು ಸತ್ತ ಜಾಗದಲ್ಲೇ ಒಟ್ಟಿಗೆ ಹೂಳುತ್ತಿದ್ದರು, ಹೆಸರು ಎಲ್ಲೂ ಉಳಿಯುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫೇಬಿಯನ್ ವೇರ್ ಎಂಬಾತ ರೆಡ್ ಕ್ರಾಸ್ ತಂಡದ ಜೊತೆ ಫ್ರಾನ್ಸಿನಲ್ಲಿದ್ದರು. ಸತ್ತವರ ಗುಂಡಿಗಳಿಗೆ ಲೆಕ್ಕವೇ ಇಲ್ಲದ್ದನ್ನು ನೋಡಿ, ಒಂದೊಂದನ್ನೂ ಬರೆದಿಡಲು ಶುರು ಮಾಡಿದರು. ಆ ಕೆಲಸದಿಂದಲೇ 1917ರ ಮೇ ತಿಂಗಳಲ್ಲಿ ಯುದ್ಧ ಸಮಾಧಿಗಳ ಆಯೋಗ ಹುಟ್ಟಿತು. ಈಗ ಅದರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ನೆನಪನ್ನು ಅದು ನೋಡಿಕೊಳ್ಳುತ್ತಿದೆ. 1918ರಲ್ಲಿ ಫ್ರೆಡರಿಕ್ ಕೆನ್ಯನ್ ಕೊಟ್ಟ ವರದಿಯ ಮೇಲೆ ಅದರ ನಿಯಮಗಳು ನಿಂತವು. ಪ್ರತಿಯೊಬ್ಬರಿಗೂ ಅವರದ್ದೇ ಹೆಸರು ಇರಬೇಕು. ಕಲ್ಲುಗಳು ಒಂದೇ ಅಳತೆಯಲ್ಲಿರಬೇಕು. ಜನರಲ್ ಆಗಲಿ ಸಿಪಾಯಿಯಾಗಲಿ, ಯಾವ ಜನಾಂಗವಾಗಲಿ ಧರ್ಮವಾಗಲಿ, ಭೇದ ಮಾಡುವಂತಿಲ್ಲ. ಆಗಿನ ಕಾಲಕ್ಕೆ ಇದು ದೊಡ್ಡ ಮಾತು. ಬ್ರಿಟನ್ನಿನ ಸಿರಿವಂತ ಮನೆಗಳವರು ಜೋರಾಗಿ ವಿರೋಧಿಸಿದರು. ಆಯೋಗ ಬಗ್ಗಲಿಲ್ಲ.

ಆದರೆ ಯುರೋಪಿನಾಚೆ ಅದೇ ಆಯೋಗ ತನ್ನ ಮಾತು ಉಳಿಸಿಕೊಳ್ಳಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳಿದ್ದವು. ಸಾಮಾನ್ಯ ಭಾರತೀಯ ಸಿಪಾಯಿಗಳು ಮಾತ್ರ ರೆಜಿಮೆಂಟಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾದರು. ಇಂತಿಷ್ಟು ಜನ, ಅಷ್ಟೇ. ಪೂರ್ವ ಆಫ್ರಿಕಾದಲ್ಲಿ ಸೇನೆಯ ಹೊರೆ ಹೊತ್ತು ಸತ್ತವರಲ್ಲಿ ಎಷ್ಟೋ ಜನರಿಗೆ ಅದೂ ಸಿಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಆಯೋಗವೇ ಒಂದು ವರದಿ ಹೊರತಂದು ಕ್ಷಮೆ ಕೇಳಿತು. 45,000ದಿಂದ 54,000 ಜನರನ್ನು ಬೇರೆಯವರಿಗೆ ಸಮನಾಗಿ ನೆನೆದಿರಲಿಲ್ಲ. ಕನಿಷ್ಠ 1,16,000 ಜನರನ್ನು, ಬಹುಶಃ 3,50,000 ಜನರವರೆಗೂ, ಹೆಸರಿಟ್ಟು ನೆನೆದಿರಲಿಲ್ಲ ಅಥವಾ ನೆನೆದೇ ಇರಲಿಲ್ಲ. ಬಿಟ್ಟುಹೋದ ಹೆಸರುಗಳನ್ನು ಹುಡುಕುವ ಕೆಲಸ ಈಗ ನಡೆಯುತ್ತಿದೆ. ನೂರು ವರ್ಷ ಕಳೆದ ಮೇಲೆ ಹುಡುಕುವುದು ಎಷ್ಟು ಕಷ್ಟ ಅಂತ ಯೋಚಿಸಿ. ಅವತ್ತೇ ಒಂದು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು.

ಹಾಗಾಗಿ ಹೆಸರಿನ ಪಕ್ಕ ಹುದ್ದೆ ಬರೆಯಿರಿ, ಅದು ಅವರು ದುಡಿದು ಗಳಿಸಿದ್ದು. ಆದರೆ ಸಾಲು ಹುದ್ದೆಯ ಪ್ರಕಾರ ಬೇಡ. ತೀರಿಕೊಂಡ ದಿನಾಂಕದ ಪ್ರಕಾರ ಬರೆಯುವುದು ನನಗೆ ಜಾಸ್ತಿ ಇಷ್ಟ. ವಿಯೆಟ್ನಾಂ ಗೋಡೆಯಲ್ಲಿ ಹಾಗೇ ಇದೆ, ಹುದ್ದೆಯನ್ನು ಬರೆದೂ ಇಲ್ಲ. ಅದರ ವಿನ್ಯಾಸ ಮಾಡಿದಾಗ ಮಾಯಾ ಲಿನ್ ಇನ್ನೂ ವಿದ್ಯಾರ್ಥಿನಿ. ಅಕ್ಷರಮಾಲೆಯ ಪ್ರಕಾರ ಬರೆಯಿರಿ ಅಂತ ಹೇಳಿದವರಿದ್ದರು, ಆಕೆ ಒಪ್ಪಲಿಲ್ಲ. ಅದರಿಂದಾಗಿ ಒಂದೇ ಕಾಳಗದಲ್ಲಿ ಬಿದ್ದವರು ಗೋಡೆಯ ಮೇಲೂ ಅಕ್ಕಪಕ್ಕವೇ ಇದ್ದಾರೆ. ಬದುಕಿ ಬಂದವರು ತಮ್ಮ ದಿನವನ್ನು ಹುಡುಕಿಕೊಂಡು ಹೋದರೆ ಗೆಳೆಯರೆಲ್ಲ ಒಂದೇ ಕಡೆ ಸಿಗುತ್ತಾರೆ.

ಸುದ್ದಿ ಬಂದ ಕೂಡಲೇ ಮೊದಲು ಏನು ಮಾಡಬೇಕು?

ಸುಮ್ಮನಿರಬೇಕು. ಹೇಳಲು ಸುಲಭ, ಮಾಡಲು ಕಷ್ಟ.

ಮೊದಲು ಸುದ್ದಿ ನಿಜವಾ ಅಂತ ನೋಡಿ. ಮನೆಯವರಿಂದಲೋ, ಅವರ ಜೊತೆ ನೇರವಾಗಿ ಮಾತಾಡಿದವರಿಂದಲೋ ಖಚಿತವಾಗಬೇಕು. ಒಂದೇ ಹೆಸರಿನ ಇಬ್ಬರಿರುತ್ತಾರೆ. ಆಸ್ಪತ್ರೆಗೆ ಸೇರಿದ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಸಾವಿನ ಸುದ್ದಿಯಾಗಿರುತ್ತದೆ. ಬದುಕಿರುವವರಿಗೆ ಶ್ರದ್ಧಾಂಜಲಿ ಹೇಳಿದರೆ ಆ ಮನೆಗೆ ಆಗುವ ಆಘಾತ ಸಣ್ಣದಲ್ಲ.

ಸೇವೆಯಲ್ಲಿದ್ದಾಗಲೇ ಸಾವಾಗಿದ್ದರೆ ಇನ್ನೂ ಎಚ್ಚರ ಬೇಕು. ಸೇನೆ ಮೊದಲು ಹತ್ತಿರದ ಬಂಧುಗಳಿಗೆ ತಿಳಿಸುತ್ತದೆ. ಅಮೆರಿಕದ ರಕ್ಷಣಾ ಇಲಾಖೆ, ಬಂಧುಗಳಿಗೆ ತಿಳಿಸಿ 24 ಗಂಟೆ ಕಳೆಯುವವರೆಗೂ ಹೆಸರನ್ನು ಹೊರಗೆ ಹೇಳುವುದಿಲ್ಲ. ಆ ಹೊತ್ತಿನೊಳಗೆ ಗೆಳೆಯರ ಬಳಗದಲ್ಲಿ ಹೆಸರು ಬಂದುಬಿಟ್ಟರೆ, ತಾಯಿಗೆ ಮಗ ಹೋದ ಸುದ್ದಿ ಯಾರದ್ದೋ ಸಂದೇಶದಿಂದ ಗೊತ್ತಾಗುತ್ತದೆ. ನಿಮಗೆ ಎಷ್ಟೇ ಖಚಿತವಿದ್ದರೂ ಅಧಿಕೃತವಾಗಿ ಹೊರಬರುವವರೆಗೆ ಕಾಯಿರಿ. ಬೇರೆ ಯಾರಾದರೂ ಮುಂದೆ ಹೋಗಿ ಹೇಳಿದ್ದರೆ, ಅಳಿಸಲು ಮೆತ್ತಗೆ ಕೇಳಿಕೊಳ್ಳಿ.

ಮನೆಯವರು "ಏನೂ ಬೇಡ" ಅಂದರೆ?

ಬೇಡ ಅಂದರೆ ಬೇಡ. ಕೆಲವರು ಸೇನೆಯ ದಿನಗಳನ್ನು ಮನೆಯಲ್ಲಿ ಯಾವತ್ತೂ ಮಾತಾಡಿರುವುದಿಲ್ಲ. ಕೆಲವು ಮನೆಗಳಿಗೆ ಆ ದಿನಗಳಿಂದ ನೋವೇ ಜಾಸ್ತಿ ಸಿಕ್ಕಿರುತ್ತದೆ. ನೀವು ನಿಮ್ಮೊಳಗೆ ನೆನೆಯುವುದನ್ನು ಯಾರೂ ತಡೆಯುವುದಿಲ್ಲ. ಹೊರಗೆ ಫೋಟೋ, ಕತೆ, ಸಾವಿನ ವಿವರ ಏನೂ ಹೋಗದಂತೆ ನೋಡಿಕೊಂಡರಾಯಿತು. ಕೆಲವು ತಿಂಗಳು ಬಿಟ್ಟು ಅವರೇ ಮನಸ್ಸು ಬದಲಿಸಿ ಕೇಳಬಹುದು. ಅದಕ್ಕೆ ಬಾಗಿಲು ತೆರೆದಿರಲಿ.

ನೆನಪಿನ ಬರಹದಲ್ಲಿ ಏನೇನು ಇರಬೇಕು?

ಪೂರ್ತಿ ಹೆಸರು. ಗೆಳೆಯರು ಕರೆಯುತ್ತಿದ್ದ ಹೆಸರು. ಯೂನಿಟ್, ಹುದ್ದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಮಾಡುತ್ತಿದ್ದ ಕೆಲಸ. ಇಷ್ಟು ಬುನಾದಿ.

ಆಮೇಲೆ ಅವರಿಗೆ ಮಾತ್ರ ಒಪ್ಪುವ ಒಂದು ಸಂಗತಿ ಇರಲಿ. "ಧೀರ, ದೇಶಭಕ್ತ, ಸ್ನೇಹಜೀವಿ" ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ರಾತ್ರಿ ಪಹರೆಯಲ್ಲಿ ತನ್ನ ಸರದಿ ಮುಗಿದರೂ ಹೊಸ ಹುಡುಗನ ಜೊತೆ ಇನ್ನೊಂದು ಗಂಟೆ ನಿಲ್ಲುತ್ತಿದ್ದರು ಅಂತ ಬರೆದು ನೋಡಿ. ಕೆಟ್ಟುಹೋದ ರೇಡಿಯೋವನ್ನು ಕತ್ತಲಲ್ಲೇ ರಿಪೇರಿ ಮಾಡುತ್ತಿದ್ದರು ಅಂತ ಬರೆಯಿರಿ. ಅಡುಗೆ ಮನೆ, ಲಾರಿ, ಆಸ್ಪತ್ರೆ, ಉಗ್ರಾಣ, ಇವುಗಳಲ್ಲಿ ದುಡಿದವರ ಬಗ್ಗೆ ಬರೆಯುವಾಗ "ಕಾಳಗ ನೋಡಿಲ್ಲ" ಎಂಬ ಅಳುಕು ಬೇಡ. ಅವರಿಲ್ಲದೆ ಯಾರೂ ಕಾಳಗ ಮಾಡಿಲ್ಲ.

ಗುಟ್ಟಾಗಿರಬೇಕಾದ ಕಾರ್ಯಾಚರಣೆಯ ವಿವರ ಬರೆಯಬೇಡಿ. ಸತ್ತವರಿಗೆ ಅದರಿಂದ ತೊಂದರೆಯಿಲ್ಲ ಅನಿಸಬಹುದು. ಜೊತೆಗಿದ್ದವರು ಇನ್ನೂ ಬದುಕಿದ್ದಾರೆ. ಇನ್ನೊಬ್ಬರ ಅಳಲನ್ನೋ ಭಯವನ್ನೋ ಹೊರಹಾಕುವ ಕತೆಯೂ ಬೇಡ.

ಪದಕಗಳ ಬಗ್ಗೆ ಪೂರ್ತಿ ಖಚಿತ ಇಲ್ಲದಿದ್ದರೆ?

ಬರೆಯಬೇಡಿ. ಮನೆಯವರ ಹತ್ತಿರ ಸೇವಾ ದಾಖಲೆ ಇರುತ್ತದೆ, ಕೇಳಿ ನೋಡಿ. ಪ್ರೀತಿಯಿಂದ ಒಂದು ಪದಕ ಜಾಸ್ತಿ ಸೇರಿಸಿದರೂ, ನಾಳೆ ಯಾರಾದರೂ ಅದನ್ನು ಪ್ರಶ್ನೆ ಮಾಡಿದಾಗ ಅವಮಾನ ಆಗುವುದು ಸತ್ತವರಿಗೆ. ಸುಳ್ಳು ಹೇಳಿಕೊಂಡವರು ಅಂತ ಅವರ ಮೇಲೆ ಮಾತು ಬರುತ್ತದೆ, ಉತ್ತರ ಕೊಡಲು ಅವರಿರುವುದಿಲ್ಲ.

ಆತ್ಮಹತ್ಯೆ ಮಾಡಿಕೊಂಡವರನ್ನು ಹೇಗೆ ನೆನೆಯಬೇಕು?

ಉಳಿದವರನ್ನು ನೆನೆದ ಹಾಗೇ. ಅದೇ ಪಟ್ಟಿ, ಅದೇ ಮೌನ, ಅದೇ ಗೌರವ.

ಇದು ಎಲ್ಲರೂ ಸುಲಭವಾಗಿ ಒಪ್ಪಿದ ಮಾತಲ್ಲ. ಅಮೆರಿಕದಲ್ಲಿ ಯುದ್ಧಭೂಮಿಯಲ್ಲಿ ಸತ್ತ ಸೈನಿಕರ ಮನೆಗೆ ಅಧ್ಯಕ್ಷರ ಸಂತಾಪ ಪತ್ರ ಹೋಗುತ್ತಿತ್ತು. ಅಲ್ಲೇ ಆತ್ಮಹತ್ಯೆ ಮಾಡಿಕೊಂಡವರ ಮನೆಗೆ ಹೋಗುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ತಂದೆತಾಯಿಯರು ವರ್ಷಗಟ್ಟಲೆ ಕೇಳಿದ ಮೇಲೆ, 2011ರ ಜುಲೈನಲ್ಲಿ ಅಧ್ಯಕ್ಷ ಒಬಾಮ ಆ ಪದ್ಧತಿ ಬದಲಿಸಿದರು. ಒಂದು ಕಾಗದ, ಆದರೆ ಆ ಮನೆಗಳಿಗೆ ಅದು ತಮ್ಮ ಮಗನೂ ಸೈನಿಕನೇ ಆಗಿದ್ದ ಎಂಬ ಮಾತು.

ಸಾವಿನ ಕಾರಣ ಹೇಳಬೇಕೋ ಬೇಡವೋ ಅನ್ನುವುದನ್ನು ಮನೆಯವರಿಗೆ ಬಿಡಿ. ಹೇಳುವುದಾದರೆ ನೇರವಾಗಿ ಒಂದು ಮಾತಲ್ಲಿ ಹೇಳಿ. ಹೇಗೆ ಸತ್ತರು, ಎಲ್ಲಿ ಸತ್ತರು, ಕೊನೆಯ ಪತ್ರದಲ್ಲಿ ಏನಿತ್ತು ಎಂಬ ವಿವರ ಬೇಡ. ಪತ್ರಿಕೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ಯಾಕೆಂದರೆ ಅದೇ ನೋವಿನಲ್ಲಿರುವ ಇನ್ನೊಬ್ಬರು ಅದನ್ನು ಓದುತ್ತಿರುತ್ತಾರೆ. "ಈಗ ಅವರಿಗೆ ಶಾಂತಿ ಸಿಕ್ಕಿತು" ಎಂಬ ಮಾತನ್ನೂ ಬಿಡಿ. ನೋವಿನಲ್ಲಿರುವವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ.

ಇನ್ನೂ ಮುಖ್ಯವಾದದ್ದು ಮುಂದಿನ ವಾರಗಳು. ತೀರಿಕೊಂಡವರಿಗೆ ಹತ್ತಿರವಿದ್ದವರು ಯಾರು, ಇದ್ದಕ್ಕಿದ್ದಂತೆ ಮಾತು ಬಿಟ್ಟವರು ಯಾರು ಅಂತ ನೋಡಿ. ಫೋನ್ ಮಾಡಿ. "ಸಾಯಬೇಕು ಅಂತ ಅನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಎಷ್ಟೋ ಜನರಿಗೆ ಯಾರಾದರೂ ಕೇಳಿದರಲ್ಲ ಎಂದು ಹಗುರವಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಸಹಾಯವಾಣಿಗೋ ವೈದ್ಯರ ಹತ್ತಿರವೋ ತಲುಪಿಸುವವರೆಗೆ ಜೊತೆಗಿರಿ.

ಶಿಕ್ಷೆಗೆ ಒಳಗಾದವರು, ಸೇವೆಯಿಂದ ವಜಾ ಆದವರ ಹೆಸರು ಸೇರಿಸಬಹುದಾ?

ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು. ಬಳಗದವರಿಗೇ ಕೇಡು ಮಾಡಿದವರನ್ನು ಗೌರವಿಸಿ ಅಂತ ಯಾರನ್ನೂ ಒತ್ತಾಯಿಸಲಾಗದು. ಆದರೆ ಅವಸರದ ತೀರ್ಪು ಬೇಡ. ಮೊದಲ ಮಹಾಯುದ್ಧದಲ್ಲಿ ಹೇಡಿತನ, ಪಲಾಯನದಂಥ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನವರನ್ನೇ ಗುಂಡಿಟ್ಟು ಕೊಂದಿತು. ಬೆಳಗಿನ ಜಾವ ಕಂಬಕ್ಕೆ ಕಟ್ಟಿ ಕೊಲ್ಲುತ್ತಿದ್ದರು. ಅವರಲ್ಲಿ ಎಷ್ಟೋ ಜನ ಸಿಡಿಗುಂಡಿನ ಆಘಾತದಿಂದ ಮನಸ್ಸು ಕದಡಿದವರಾಗಿದ್ದರು. ಹೀಗೆ ಸತ್ತ 306 ಜನರಿಗೆ 2006ರಲ್ಲಿ ಕ್ಷಮೆ ಸಿಕ್ಕಿತು. ಇಂಗ್ಲೆಂಡಿನ ಆಲ್ರೆವಾಸ್ ಹತ್ತಿರದ ರಾಷ್ಟ್ರೀಯ ಸ್ಮಾರಕವನದಲ್ಲಿ ಅವರ ಹೆಸರು ಬರೆದ ಕಂಬಗಳಿವೆ. ಅಲ್ಲಿಯವರೆಗೆ ಅವರ ಮನೆಯವರು ಆ ಹೆಸರನ್ನು ಜೋರಾಗಿ ಹೇಳಲೂ ಆಗದೆ ಬದುಕಿದ್ದರು.

ಮೌನಾಚರಣೆ ಒಂದು ನಿಮಿಷವಾ, ಎರಡು ನಿಮಿಷವಾ?

ಎರಡೂ ಇದೆ. ಎರಡು ನಿಮಿಷದ ಪದ್ಧತಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಿಂದ ಬಂದದ್ದು. 1918ರಲ್ಲಿ ಯುದ್ಧ ಇನ್ನೂ ನಡೆಯುತ್ತಿದ್ದಾಗ, ದಿನಾ ಮಧ್ಯಾಹ್ನ ತೋಪು ಹಾರಿದ ಕೂಡಲೇ ಊರಿಗೆ ಊರೇ ನಿಲ್ಲುತ್ತಿತ್ತು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದ ಪರ್ಸಿ ಫಿಟ್ಸ್‌ಪ್ಯಾಟ್ರಿಕ್ ಈ ವಿಚಾರವನ್ನು ಲಂಡನ್ನಿಗೆ ಬರೆದು ತಿಳಿಸಿದರು. ದೊರೆ ಐದನೇ ಜಾರ್ಜ್ ಒಪ್ಪಿದರು. ಯುದ್ಧ ನಿಂತು ಸರಿಯಾಗಿ ಒಂದು ವರ್ಷಕ್ಕೆ, 1919ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ, ಬ್ರಿಟನ್ನಿನಲ್ಲಿ ಮೊದಲ ಎರಡು ನಿಮಿಷದ ಮೌನ ನಡೆಯಿತು. ನೆದರ್ಲೆಂಡ್ಸ್‌ನಲ್ಲಿ ಮೇ 4ರ ರಾತ್ರಿ 8 ಗಂಟೆಗೆ ಈಗಲೂ ಎರಡು ನಿಮಿಷ ಎಲ್ಲವೂ ನಿಲ್ಲುತ್ತದೆ.

ನಿಮ್ಮ ಸಭೆಗೆ ಯಾವುದಾದರೂ ಸರಿ. ಶುರುವಾದದ್ದೂ ಮುಗಿದದ್ದೂ ಎಲ್ಲರಿಗೂ ಗೊತ್ತಾಗುವಂತೆ ಯಾರಾದರೂ ಒಬ್ಬರು ಹೇಳಬೇಕು. ಒಂದು ನಿಮಿಷ ಅಂತ ಹೇಳಿ ಇಪ್ಪತ್ತು ಸೆಕೆಂಡಿಗೆ ಮುಗಿಸಬೇಡಿ. ಇದು ತುಂಬಾ ಕಡೆ ಆಗುತ್ತದೆ. ಗಡಿಯಾರ ನೋಡಿಕೊಳ್ಳಿ.

ಬ್ಯೂಗಲ್‌ನಲ್ಲಿ ನುಡಿಸುವುದು ಏನು? ಅದನ್ನು ನಾವೂ ನುಡಿಸಬಹುದಾ?

ಬ್ರಿಟಿಷ್ ಪದ್ಧತಿ ಬಂದ ಸೇನೆಗಳಲ್ಲಿ ನುಡಿಸುವುದು ಲಾಸ್ಟ್ ಪೋಸ್ಟ್. ಅದು ಶಿಬಿರದ ದಿನ ಮುಗಿಯಿತು, ಕಾವಲುಗಾರರನ್ನೆಲ್ಲ ನೋಡಿಯಾಯಿತು ಎಂದು ಹೇಳುವ ಕರೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸೈನಿಕರ ಅಂತ್ಯಕ್ರಿಯೆಗೂ ಬಂತು. ಅದರ ಹಿಂದೆಯೇ ಮೌನ, ಮೌನದ ನಂತರ ಬೆಳಗಿನ ಎಚ್ಚರದ ಕರೆ. ಸಾಲು ಇದೇ ಇರಲಿ. ಎಚ್ಚರದ ಕರೆಯನ್ನು ಕೆಲವರು ಬಿಟ್ಟುಬಿಡುತ್ತಾರೆ. ಆಗ ಆಚರಣೆ ಅರ್ಧಕ್ಕೇ ನಿಲ್ಲುತ್ತದೆ.

ಅಮೆರಿಕದವರದ್ದು ಟ್ಯಾಪ್ಸ್. 24 ಸ್ವರಗಳ ಚಿಕ್ಕ ಕರೆ. ಅಂತರ್ಯುದ್ಧದ ಸಮಯದಲ್ಲಿ, 1862ರ ಜುಲೈನಲ್ಲಿ, ಡೇನಿಯಲ್ ಬಟರ್‌ಫೀಲ್ಡ್ ಎಂಬ ಸೇನಾಧಿಕಾರಿ ವರ್ಜೀನಿಯಾದ ಶಿಬಿರದಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟರು. ಅದೇ ಹೊತ್ತಿನಲ್ಲಿ ಒಬ್ಬ ಸಿಪಾಯಿಯನ್ನು ಹೂಳುವಾಗ, ಗುಂಡು ಹಾರಿಸಿದರೆ ಹತ್ತಿರವೇ ಇದ್ದ ಶತ್ರುಗಳು ದಾಳಿ ಎಂದುಕೊಂಡಾರು ಅಂತ ಅದರ ಬದಲು ಟ್ಯಾಪ್ಸ್ ನುಡಿಸಿದರಂತೆ.

ಬೆಲ್ಜಿಯಂನ ಈಪ್ರ್ ಪಟ್ಟಣದಲ್ಲಿ ಮೆನಿನ್ ಗೇಟ್ ಇದೆ. ಸಮಾಧಿ ಸಿಗದ 54,000ಕ್ಕೂ ಜಾಸ್ತಿ ಸೈನಿಕರ ಹೆಸರುಗಳು ಅದರ ಮೇಲಿವೆ. ಅಷ್ಟು ದೊಡ್ಡ ಬಾಗಿಲಿನಲ್ಲೂ ಎಲ್ಲರ ಹೆಸರು ಹಿಡಿಸಲಿಲ್ಲ. ಸುಮಾರು 35,000 ಹೆಸರುಗಳನ್ನು ಹತ್ತಿರದ ಟೈನ್ ಕಾಟ್ ಎಂಬ ಸೇನಾ ಸ್ಮಶಾನದಲ್ಲಿ ಬರೆಯಬೇಕಾಯಿತು. 1928ರಿಂದ ಅಲ್ಲಿನ ಬ್ಯೂಗಲ್ ವಾದಕರು ಪ್ರತಿ ಸಂಜೆ 8 ಗಂಟೆಗೆ ಲಾಸ್ಟ್ ಪೋಸ್ಟ್ ನುಡಿಸುತ್ತಾ ಬಂದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ಮಾತ್ರ ನಿಂತಿತು, ಆಗ ಇಂಗ್ಲೆಂಡಿನ ಬ್ರುಕ್‌ವುಡ್ ಸೇನಾ ಸ್ಮಶಾನದಲ್ಲಿ ನಡೆಯಿತು. 1944ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಪಡೆ ಊರನ್ನು ಬಿಡಿಸಿದ ಸಂಜೆಯೇ ಮತ್ತೆ ಶುರು ಮಾಡಿದರು. ಊರಿನ ಬೇರೆ ಭಾಗದಲ್ಲಿ ಇನ್ನೂ ಕಾಳಗ ನಡೆಯುತ್ತಿತ್ತು.

ನಿಮ್ಮ ಸಭೆಯಲ್ಲಿ ವಾದಕರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಧ್ವನಿಮುದ್ರಣವೂ ನಡೆಯುತ್ತದೆ. ಮುಂಚೆ ಒಮ್ಮೆ ಹಾಕಿ ಕೇಳಿ ನೋಡಿ.

ಮೂರು ಸುತ್ತು ಗುಂಡು ಹಾರಿಸುವುದೂ 21 ತೋಪಿನ ಗೌರವವೂ ಒಂದೇನಾ?

ಅಲ್ಲ. ಅಂತ್ಯಕ್ರಿಯೆಯಲ್ಲಿ ರೈಫಲ್‌ಗಳಿಂದ ಮೂರು ಬಾರಿ ಹಾರಿಸುವುದು ಬೇರೆ. ಹಿಂದೆ ಸತ್ತವರನ್ನು ಕಾಳಗದ ಜಾಗದಿಂದ ತೆಗೆಯಲು ಯುದ್ಧ ನಿಲ್ಲಿಸುತ್ತಿದ್ದರು, ಕೆಲಸ ಮುಗಿದಾಗ ಮೂರು ಸಲ ಹಾರಿಸಿ ತಿಳಿಸುತ್ತಿದ್ದರು ಎಂದು ಅದರ ಹಿನ್ನೆಲೆ ಹೇಳುತ್ತಾರೆ. 21 ತೋಪು ಫಿರಂಗಿಗಳಿಂದ, ರಾಷ್ಟ್ರದ ಮುಖ್ಯಸ್ಥರಂಥವರಿಗೆ. ಏಳು ಜನ ಮೂರು ಸುತ್ತು ಹಾರಿಸಿದರೆ ಲೆಕ್ಕ 21 ಆಗುತ್ತದೆ, ಗೊಂದಲ ಅಲ್ಲಿಂದ ಬಂದದ್ದು. ಇವೆಲ್ಲ ಸೇನೆಯ ಕೆಲಸ. ಬಳಗದವರು ತಾವಾಗಿ ಗುಂಡು ಹಾರಿಸುವುದು ಬೇಡ. ಮನೆಯವರಿಗೆ ಸೇನಾ ಗೌರವ ಬೇಕಿದ್ದರೆ, ಸಂಬಂಧಪಟ್ಟ ಕಚೇರಿಗೆ ಆದಷ್ಟು ಬೇಗ ಕೇಳಲು ನೆರವಾಗಿ.

ಕಣ್ಮರೆಯಾದವರು, ಶವ ಸಿಗದವರು: ಅವರನ್ನು ತೀರಿಕೊಂಡವರ ಪಟ್ಟಿಗೆ ಸೇರಿಸಬೇಕಾ?

ಮನೆಯವರು ಒಪ್ಪುವವರೆಗೆ ಸೇರಿಸಬೇಡಿ. "ಕಾಣೆಯಾದವರು" ಅಂತ ಬೇರೆ ಸಾಲು ಇರಲಿ. ದಾಖಲೆಯಲ್ಲಿ ಸತ್ತರು ಅಂತ ಘೋಷಣೆ ಆಗಿರಬಹುದು. ಆದರೆ ಕಾಯುತ್ತಿರುವವರ ಮುಂದೆ ನಾವು ಮೊದಲೇ ಬಾಗಿಲು ಹಾಕಬಾರದು.

ವಿಯೆಟ್ನಾಂ ಗೋಡೆಯಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಸತ್ತದ್ದು ಖಚಿತವಾದವರ ಹೆಸರಿನ ಪಕ್ಕ ವಜ್ರದ ಗುರುತು, ಕಾಣೆಯಾದವರ ಪಕ್ಕ ಕೂಡುವ ಗುರುತು. ಅವಶೇಷ ಸಿಕ್ಕಿ ಗುರುತು ಹಿಡಿದರೆ ಆ ಕೂಡುವ ಗುರುತಿನ ಮೇಲೆ ವಜ್ರ ಕೆತ್ತುತ್ತಾರೆ. ಜೀವಂತ ಬಂದರೆ ಸುತ್ತ ಒಂದು ವೃತ್ತ ಹಾಕಬೇಕೆಂದೂ ಮೊದಲೇ ಗೊತ್ತು ಮಾಡಿದ್ದಾರೆ. ಮೆನಿನ್ ಗೇಟ್‌ನಲ್ಲಿ ರೀತಿ ಬೇರೆ. ಯಾರದಾದರೂ ದೇಹ ಸಿಕ್ಕಿ ಅವರಿಗೆ ಹೆಸರಿನ ಸಮಾಧಿಯಾದರೆ, ಗೋಡೆಯಿಂದ ಆ ಹೆಸರನ್ನು ಕಾಲಕ್ರಮದಲ್ಲಿ ತೆಗೆಯುತ್ತಾರೆ. ಅವರು ಇನ್ನು ಕಾಣೆಯಾದವರಲ್ಲವಲ್ಲ.

ಹೆಸರು ಮರಳಿ ಬರುವುದುಂಟು. ಲಂಡನ್ ಮತ್ತು ಪ್ಯಾರಿಸ್‌ನಲ್ಲಿ 1920ರ ನವೆಂಬರ್ 11ರಂದು ಅನಾಮಿಕ ಸೈನಿಕನ ಸಮಾಧಿಗಳಾದವು. ಮರುವರ್ಷ ಅಮೆರಿಕದ ಆರ್ಲಿಂಗ್ಟನ್‌ನಲ್ಲೂ ಆಯಿತು. ಅಲ್ಲಿ 1937ರಿಂದ ಹಗಲೂ ರಾತ್ರಿ ಕಾವಲಿದೆ. ವಿಯೆಟ್ನಾಂ ಯುದ್ಧದ ಒಬ್ಬ ಅನಾಮಿಕನನ್ನು 1984ರಲ್ಲಿ ಅಲ್ಲಿ ಇಟ್ಟರು. 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆತ 1972ರಲ್ಲಿ ವಿಮಾನ ಉರುಳಿ ಸತ್ತ ಪೈಲಟ್ ಮೈಕೆಲ್ ಬ್ಲಾಸಿ ಎಂದು ಗೊತ್ತಾಯಿತು. ಮನೆಯವರು ಅವರನ್ನು ಕರೆದುಕೊಂಡು ಹೋಗಿ ತಮ್ಮ ಊರಿನ ಸೇನಾ ಸ್ಮಶಾನದಲ್ಲಿ ಹೆಸರಿಟ್ಟು ಹೂಳಿದರು. ಆರ್ಲಿಂಗ್ಟನ್‌ನ ಆ ಜಾಗ ಈಗ ಖಾಲಿ, ಹಾಗೇ ಇಟ್ಟಿದ್ದಾರೆ.

ಕೂಟಗಳಲ್ಲಿ ಕಾಣೆಯಾದವರಿಗಾಗಿ ಒಂದು ಮೇಜು ಇಡುವ ಪದ್ಧತಿಯೂ ಇದೆ. ಚಿಕ್ಕ ದುಂಡು ಮೇಜು, ಬಿಳಿ ಬಟ್ಟೆ, ಒಂದು ಕೆಂಪು ಗುಲಾಬಿ, ತಟ್ಟೆಯಲ್ಲಿ ನಿಂಬೆ ಹೋಳು ಮತ್ತು ಉಪ್ಪು, ಮಗುಚಿಟ್ಟ ಲೋಟ, ಒಂದು ಮೇಣದಬತ್ತಿ, ಖಾಲಿ ಕುರ್ಚಿ. ನಿಂಬೆ ಅವರ ಕಹಿ ಪಾಡಿಗೆ, ಉಪ್ಪು ಮನೆಯವರ ಕಣ್ಣೀರಿಗೆ. ಇದನ್ನು ಮಾಡುವುದಾದರೆ ಒಂದೊಂದರ ಅರ್ಥವನ್ನೂ ಯಾರಾದರೂ ಓದಿ ಹೇಳಲಿ. ಹೊಸಬರಿಗೆ ಗೊತ್ತಿರುವುದಿಲ್ಲ.

ತೀರಿಕೊಂಡವರಿಗೆ ಯಾರೂ ಇಲ್ಲದಿದ್ದರೆ?

ಆಗ ನೀವೇ ಮನೆಯವರು. ಕೊನೆಯ ಕಾರ್ಯಕ್ಕೆ ಹತ್ತಿರದಲ್ಲಿರುವ ಒಬ್ಬರಾದರೂ ಹೋಗಬೇಕು. ಹತ್ತಿರ ಯಾರೂ ಇಲ್ಲದಿದ್ದರೆ ಆ ಊರಿನ ಬೇರೆ ಮಾಜಿ ಸೈನಿಕರನ್ನು ಕೇಳಿ. ಗುರುತಿಲ್ಲದಿದ್ದರೂ ಬರುತ್ತಾರೆ. 2013ರಲ್ಲಿ ಇಂಗ್ಲೆಂಡಿನ ಲಿದಮ್ ಸೇಂಟ್ ಆನ್ಸ್ ಎಂಬ ಊರಿನಲ್ಲಿ, ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ನೆಲದ ಸಿಬ್ಬಂದಿಯಾಗಿದ್ದ 99 ವರ್ಷದವರೊಬ್ಬರು ತೀರಿಕೊಂಡರು. ಹತ್ತಿರದವರು ಹೆಚ್ಚು ಯಾರೂ ಇರಲಿಲ್ಲ. ಸಾಧ್ಯವಿರುವ ಸೈನಿಕರು ಬರಬೇಕು ಎಂದು ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಕಟಣೆ ಬಂತು. ಸುದ್ದಿ ಹರಡಿತು. ನವೆಂಬರ್ 11ರ ಬೆಳಿಗ್ಗೆ ಅವರನ್ನು ಎಂದೂ ನೋಡಿರದ ನೂರಾರು ಜನ ಮಳೆಯಲ್ಲಿ ನಿಂತಿದ್ದರು.

ದೂರದಲ್ಲಿರುವವರು ಹೇಗೆ ಪಾಲ್ಗೊಳ್ಳುವುದು?

ಒಂದು ಗಳಿಗೆ ಗೊತ್ತು ಮಾಡಿ, ಎಲ್ಲರೂ ಅದೇ ಗಳಿಗೆಯಲ್ಲಿ ಇದ್ದಲ್ಲೇ ಎದ್ದು ನಿಲ್ಲಲಿ. ದೇಶದಿಂದ ದೇಶಕ್ಕೆ ಗಂಟೆ ಬದಲಾಗುತ್ತದೆ, ಅದನ್ನು ಸರಿಯಾಗಿ ಲೆಕ್ಕ ಹಾಕಿ ಒಬ್ಬೊಬ್ಬರಿಗೂ ತಿಳಿಸಿ. ಹೆಸರು ಓದುವುದನ್ನು ಹಂಚಿಕೊಳ್ಳಿ, ಒಬ್ಬೊಬ್ಬರು ಒಂದೊಂದು ಹೆಸರು. ಹೆಸರು ಹೇಗೆ ಉಚ್ಚರಿಸಬೇಕು ಎಂದು ಮನೆಯವರನ್ನು ಮೊದಲೇ ಕೇಳಿ. ಅಷ್ಟು ಜನರ ಮುಂದೆ ಹೆಸರು ತಪ್ಪಾಗಿ ಬಂದರೆ ಮನೆಯವರಿಗೆ ಅದೇ ನೆನಪಿನಲ್ಲಿ ಉಳಿಯುತ್ತದೆ.

ಹಣ ಸಂಗ್ರಹಿಸುವಾಗ, ವಿವರ ಹಂಚುವಾಗ ಏನು ಎಚ್ಚರ ಬೇಕು?

ಸತ್ತವರ ಹೆಸರಿನಲ್ಲಿ ಮೋಸ ಮಾಡುವವರಿದ್ದಾರೆ. ಪೂರ್ತಿ ಜನ್ಮದಿನಾಂಕ, ಸೇವಾ ಸಂಖ್ಯೆ, ಮನೆ ವಿಳಾಸ, ತಾಯಿಯ ತವರಿನ ಹೆಸರು, ಇವು ಒಂದೇ ಕಡೆ ಸಿಕ್ಕರೆ ಆ ಹೆಸರಿನಲ್ಲಿ ಸಾಲ ಎತ್ತಬಹುದು. ಸೇನೆಯಿಂದ ಬಿಡುಗಡೆಯಾದ ಪತ್ರದ ಫೋಟೋವನ್ನು ಎಲ್ಲೂ ಹಾಕಬೇಡಿ, ಪ್ರೀತಿಯಿಂದಲೂ ಹಾಕಬೇಡಿ. ಅಂತ್ಯಕ್ರಿಯೆಯ ಸಮಯವನ್ನೂ ಮನೆ ವಿಳಾಸವನ್ನೂ ಒಟ್ಟಿಗೆ ಬರೆದರೆ, ಮನೆ ಯಾವಾಗ ಖಾಲಿ ಇರುತ್ತದೆ ಅಂತ ಕಳ್ಳರಿಗೆ ಹೇಳಿದ ಹಾಗೆ.

ಹಣ ಬೇಕಾ ಅಂತ ಮನೆಯವರನ್ನು ಕೇಳದೆ ಸಂಗ್ರಹ ಶುರು ಮಾಡಬೇಡಿ. ಬೇಕಿದ್ದರೆ ಅದು ನೇರ ಅವರ ಖಾತೆಗೇ ಹೋಗಲಿ. ಆಗದಿದ್ದರೆ ಇಬ್ಬರು ಲೆಕ್ಕ ನೋಡಲಿ, ಬಂದದ್ದೂ ಕೊಟ್ಟದ್ದೂ ಎಲ್ಲರಿಗೂ ಕಾಣಲಿ.

ಹೂವು, ಮಾತು ಬಿಟ್ಟು ಮನೆಯವರಿಗೆ ಇನ್ನೇನು ಮಾಡಬಹುದು?

ಕಾಗದಪತ್ರ. ನನ್ನ ಪ್ರಕಾರ ಬಳಗ ಮಾಡಬಹುದಾದ ಅತಿ ದೊಡ್ಡ ಸಹಾಯ ಇದು. ಪಿಂಚಣಿ ಕಚೇರಿಗೆ ಸಾವಿನ ವಿಷಯ ಬೇಗ ತಿಳಿಸಬೇಕು. ತಡವಾದರೆ ಆಮೇಲೆ ಬಂದ ಹಣವನ್ನು ಸಾಮಾನ್ಯವಾಗಿ ವಾಪಸ್ ಕೇಳುತ್ತಾರೆ, ಅಷ್ಟೊತ್ತಿಗೆ ಅದು ಖರ್ಚಾಗಿರುತ್ತದೆ. ಕುಟುಂಬ ಪಿಂಚಣಿ, ವಿಮೆ, ಮಕ್ಕಳ ನೆರವು, ಒಂದೊಂದಕ್ಕೂ ಬೇರೆ ಅರ್ಜಿ, ಕೆಲವಕ್ಕೆ ಗಡುವೂ ಇರುತ್ತದೆ. ಮನೆಯವರಿಗೆ ಆ ಭಾಷೆಯೇ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಒಬ್ಬರು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿಕೊಡಿ.

ಮಾತಿನ ವಿಷಯ. "ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ಫೋನ್ ಮಾಡುತ್ತೇನೆ" ಅಂತ ಹೇಳಿ, ಗುರುವಾರ ಮಾಡಿ. ಮೊದಲ ತಿಂಗಳು ಎಲ್ಲರೂ ಇರುತ್ತಾರೆ. ಆರನೇ ತಿಂಗಳು, ಮೊದಲ ವರ್ಷದ ದಿನ ಯಾರೂ ಇರುವುದಿಲ್ಲ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಕ್ಕಳು ಚಿಕ್ಕವರಿದ್ದರೆ ಅವರಪ್ಪನ, ಅಮ್ಮನ ಕತೆಗಳನ್ನು ಬರೆದು ಕೊಡಿ. ಅವರು ಅದನ್ನು ಓದುವುದು ಎಷ್ಟೋ ವರ್ಷದ ಮೇಲಿರಬಹುದು.

ಅವರ ಪತ್ರ, ಡೈರಿ, ಸಮವಸ್ತ್ರ, ಫೋಟೋ ಏನು ಮಾಡಬೇಕು?

ಮೊದಲ ಹಕ್ಕು ಮನೆಯವರದ್ದು. ಅವರಿಗೆ ಇಟ್ಟುಕೊಳ್ಳಲು ಆಗದಿದ್ದರೆ ರೆಜಿಮೆಂಟಿನ ಸಂಗ್ರಹಾಲಯವನ್ನೋ ದಾಖಲೆ ಕೇಂದ್ರವನ್ನೋ ಕೇಳಬಹುದು. ಫೋಟೋದ ಹಿಂದೆ ಯಾರು, ಎಲ್ಲಿ, ಯಾವಾಗ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಬರೆಯದಿದ್ದರೆ ಮುಂದಿನವರಿಗೆ ಅದು ಯಾರೋ ಸಮವಸ್ತ್ರದವರ ಚಿತ್ರ, ಅಷ್ಟೇ. ಹಳೆಯ ಆಯುಧ, ಮದ್ದುಗುಂಡು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಇನ್ನೂ ಒಳ್ಳೆಯದು ಬದುಕಿರುವಾಗಲೇ ಕೇಳಿ ಬರೆದಿಡುವುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಿಂದ ಮಾಜಿ ಸೈನಿಕರ ಮಾತುಗಳನ್ನು ಸಂಗ್ರಹಿಸುತ್ತಿದೆ. ಅದಕ್ಕೆ ಮಾಡಬೇಕಾದದ್ದು ಕನಿಷ್ಠ 30 ನಿಮಿಷದ ಸಂದರ್ಶನ. ನಿಮ್ಮ ಬಳಗದ ಅತಿ ಹಿರಿಯರಿಂದ ಶುರು ಮಾಡಿ, ಈ ತಿಂಗಳೇ.

ವರ್ಷಕ್ಕೊಮ್ಮೆ ಯಾವ ದಿನ ನೆನೆಯಬೇಕು?

ನಿಮ್ಮ ದೇಶದ್ದೇ ದಿನವಿದ್ದರೆ ಅದು. ಬ್ರಿಟನ್, ಫ್ರಾನ್ಸ್, ಕೆನಡಾಗಳಲ್ಲಿ ನವೆಂಬರ್ 11. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಏಪ್ರಿಲ್ 25, 1915ರಲ್ಲಿ ಗಲಿಪೊಲಿ ದಡಕ್ಕೆ ಇಳಿದ ದಿನ. ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಸತ್ತವರಿಗೆ, ನವೆಂಬರ್ 11 ಸೇವೆ ಮಾಡಿದ ಎಲ್ಲರಿಗೆ. ಇವೆರಡನ್ನು ಕಲಸಬೇಡಿ. ಸತ್ತವರ ದಿನ ಬದುಕಿರುವ ಮಾಜಿ ಸೈನಿಕರಿಗೆ "ಶುಭಾಶಯ" ಹೇಳಿದರೆ ತುಂಬಾ ಜನರಿಗೆ ನೋವಾಗುತ್ತದೆ. ಬೇರೆ ಬೇರೆ ದೇಶದವರಿರುವ ಬಳಗವಾದರೆ ನಿಮ್ಮದೇ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಪಟ್ಟಿಯಲ್ಲಿ ತಪ್ಪು ಸಿಕ್ಕರೆ, ಹಳೆಯ ಹೆಸರು ಬಿಟ್ಟುಹೋಗಿದ್ದರೆ?

ಸೇರಿಸಿ, ತಿದ್ದಿ, ಎಷ್ಟು ವರ್ಷವಾಗಿದ್ದರೂ. ಕಲ್ಲಿನಲ್ಲಿ ಕೆತ್ತಿದ ವಿಯೆಟ್ನಾಂ ಗೋಡೆಗೇ, 1982ರಲ್ಲಿ ಕಟ್ಟಿ ಮುಗಿದ ನಂತರವೂ ಹೆಸರುಗಳು ಸೇರಿವೆ, ಕಾಗುಣಿತ ತಿದ್ದಿದ್ದಾರೆ. ತಪ್ಪು ತೋರಿಸಿದವರಿಂದ ಆಧಾರ ಕೇಳಿ: ದಾಖಲೆ, ಪತ್ರ, ಜೊತೆಗಿದ್ದ ಇಬ್ಬರ ಮಾತು, ಯಾವುದಾದರೂ ಸರಿ. ತಿದ್ದಿದ ದಿನಾಂಕವನ್ನು ಪಕ್ಕದಲ್ಲಿ ಬರೆಯಿರಿ. ಮನೆಯವರಿಗೆ ತಿಳಿಸಿ. ಪಟ್ಟಿಯ ಪ್ರತಿ ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರ ಜೊತೆ ಅದೂ ಹೋಗುತ್ತದೆ. ಕನಿಷ್ಠ ಮೂವರ ಹತ್ತಿರ ಇರಲಿ, ಅವರಲ್ಲಿ ಒಬ್ಬರು ವಯಸ್ಸಿನಲ್ಲಿ ಚಿಕ್ಕವರಾಗಿರಲಿ.